ಯಾರೂ ಒತ್ತದೆ ಪ್ಯಾನಿಕ್ ಅಲಾರಂ ಬೊಬ್ಬೆ ಹಾಕ್ತದೆ – ಎಂತ ಮಾಡುವುದು?

ಸೊಸೈಟಿ_ಸಿಸ್ಟಮ್, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿ ಪೇಟೆ ಹತ್ತಿರದ ಒಂದು ಸಹಕಾರಿ ಸೊಸೈಟಿ ಬ್ರಾಂಚಿನಲ್ಲಿ ಕಂಪ್ಯೂಟರ್, ಸಿಸಿಟಿವಿ, ಯುಪಿಎಸ್ ಎಲ್ಲ ನೋಡಿಕೊಳ್ಳುವವನು ನಾನು. 2025ರ ಜನವರಿಯಲ್ಲಿ ಮಂಗಳೂರು ಹತ್ತಿರದ ಕೋಟೆಕಾರಿನ ಸಹಕಾರಿ ಸಂಘದ ಬ್ರಾಂಚಿಗೆ ಹಾಡಹಗಲೇ ದರೋಡೆಕೋರರು ನುಗ್ಗಿದರಲ್ಲ, ಅದಾದ ಮೇಲೆ ನಮ್ಮ ಆಡಳಿತ ಮಂಡಳಿಯವರೂ ಪ್ಯಾನಿಕ್ ಅಲಾರಂ ಹಾಕಿಸಿದರು. ಈಗ ಅದೇ ಮಂಡೆಬಿಸಿ.

ಎರಡು ಕ್ಯಾಶ್ ಕೌಂಟರಿನ ಅಡಿಯಲ್ಲಿ ಕಾಲಿನಿಂದ ಒತ್ತುವ ಸ್ವಿಚ್ ಉಂಟು. ಮ್ಯಾನೇಜರ್ ಮೇಜಿನ ಅಡಿಯಲ್ಲಿ ಕೈ ಬಟನ್. ಚಿನ್ನ ಪರೀಕ್ಷೆ ಮಾಡುವ ಸರಾಫರ ಹತ್ತಿರ ಒಂದು ವಯರ್‌ಲೆಸ್ ರಿಮೋಟ್. ಯಾವುದನ್ನು ಒತ್ತಿದರೂ ಹೊರಗಿನ ಸೈರನ್ ಹೊಡೆಯುತ್ತದೆ, ಜಿಎಸ್‌ಎಂ ಡಯಲರಿನಿಂದ (ಸಿಮ್ ಹಾಕಿದ, ತಾನಾಗಿ ಫೋನ್ ಮಾಡುವ ಪೆಟ್ಟಿಗೆ) ಮ್ಯಾನೇಜರಿಗೆ, ಕಾರ್ಯದರ್ಶಿಗೆ, ಅಧ್ಯಕ್ಷರಿಗೆ ಫೋನ್ ಹೋಗುತ್ತದೆ. ತೊಂದರೆ ಏನೆಂದರೆ ಯಾರೂ ಒತ್ತದೆಯೇ ಹೊಡೆಯುತ್ತದೆ. ಒಮ್ಮೆ ಬೆಳಗ್ಗೆ, ಒಮ್ಮೆ ನಡುರಾತ್ರಿ. ಬೀಟ್ ಪೊಲೀಸರು ಬಂದು ನೋಡಿ ನಗುತ್ತಾ ಹೋದರು, ಆದರೆ ಪ್ರತಿಸಲ ನಗುತ್ತಾರಾ? ಹಾಕಿದವರನ್ನು ಕೇಳಿದರೆ "ನಿಮ್ಮ ಸ್ಟಾಫ್ ಸರಿ ಇಲ್ಲ" ಎನ್ನುತ್ತಾರೆ. ಕಾರ್ಯದರ್ಶಿಯವರು "ತೆಗೆದು ಬಿಸಾಡು" ಎನ್ನುತ್ತಾರೆ. ಹೊಸ ಪ್ಯಾನೆಲ್, ಅಂದರೆ ಬಟನ್‌ಗಳೆಲ್ಲ ಬಂದು ಸೇರುವ ಮುಖ್ಯ ಪೆಟ್ಟಿಗೆ, ತೆಗೆದುಕೊಳ್ಳುವುದಾ?

ಓಮ್ಸ್_ಕಾಪು

ಪ್ಯಾನೆಲ್ ಬದಲಿಸಬೇಡಿ ಮಾರ್ರೆ, ಮೊದಲು ಅದರ ಈವೆಂಟ್ ಲಾಗ್ ತೆಗೆಯಿರಿ. ಎಷ್ಟು ಸಲ ಹೊಡೆಯಿತು ಎನ್ನುವುದು ನನಗೆ ಬೇಡ. ಯಾವ ಝೋನ್ (ಪ್ಯಾನೆಲ್ಲಿನಲ್ಲಿ ಬಟನಿನ ವಯರ್ ಸೇರುವ ನಂಬರ್), ಎಷ್ಟು ಗಂಟೆಗೆ, ಆಗ ಮಳೆ ಇತ್ತಾ, ಕರೆಂಟ್ ಹೋಗಿ ಬಂದಿತ್ತಾ, ಇಷ್ಟು ಹೇಳಿ. ನಾಲ್ಕು ಬಟನ್ ನಾಲ್ಕು ಝೋನಿನಲ್ಲಿ ಉಂಟಾ ಅಥವಾ ಎಲ್ಲವನ್ನೂ ಒಂದೇ ಝೋನಿಗೆ ಕಟ್ಟಿದ್ದಾರಾ ಎಂದೂ ನೋಡಿ. ಒಂದಕ್ಕೇ ಕಟ್ಟಿದ್ದರೆ ಕಳ್ಳ ಯಾರೆಂದು ಯಾವತ್ತೂ ಸಿಗುವುದಿಲ್ಲ.

ಸೊಸೈಟಿ_ಸಿಸ್ಟಮ್, ಉಡುಪಿ

ಪುಣ್ಯಕ್ಕೆ ಬೇರೆ ಬೇರೆ ಝೋನ್ ಉಂಟು. ಲಾಗ್ ನೋಡಿದೆ. ಝೋನ್ 2, ಅಂದರೆ ಎರಡನೇ ಕೌಂಟರಿನ ಕಾಲಿನ ಸ್ವಿಚ್, ಯಾವಾಗಲೂ ಬೆಳಗ್ಗೆ ಎಂಟೂವರೆಯಿಂದ ಒಂಬತ್ತರ ಒಳಗೆ. ಝೋನ್ 3, ಮ್ಯಾನೇಜರ್ ಕ್ಯಾಬಿನ್, ಬರೀ ರಾತ್ರಿ. ಆ ರಾತ್ರಿಗಳಲ್ಲಿ ಒಳ್ಳೆ ಮಳೆ ಇತ್ತು ಎಂದು ವಾಚ್‌ಮನ್ ಹೇಳುತ್ತಾರೆ. ಸರಾಫರ ರಿಮೋಟ್ ಸಂಜೆ, ಬ್ರಾಂಚ್ ಮುಚ್ಚುವ ಹೊತ್ತಿಗೆ. ಒಂದನೇ ಕೌಂಟರಿಂದ ಒಂದೂ ಇಲ್ಲ.

ಓಮ್ಸ್_ಕಾಪು

ನೋಡಿ, ನಿಮಗೆ ಒಂದಲ್ಲ, ಮೂರು ಕಾಯಿಲೆ. ಅದಕ್ಕೇ ಯಾವ ಮದ್ದೂ ತಾಗುತ್ತಿಲ್ಲ. ಬೆಳಗ್ಗಿನದ್ದು ಗುಡಿಸಿ ಒರೆಸುವ ಹೊತ್ತು. ಸಂಜೆಯದ್ದು ಕಿಸೆ. ರಾತ್ರಿಯದ್ದು ವಯರ್. ಸ್ಟಾಫಿಗೆ ಬೈದರೆ ಮಳೆ ನೀರು ನಿಲ್ಲುವುದಿಲ್ಲ, ವಯರ್ ಬದಲಿಸಿದರೆ ಮೋಪಿನ ಕೋಲು ಸುಮ್ಮನಾಗುವುದಿಲ್ಲ.

ರಾತ್ರಿಯದ್ದನ್ನು ಮೊದಲು ಹಿಡಿಯಿರಿ. ಪ್ಯಾನೆಲ್ಲನ್ನು ಟೆಸ್ಟ್ ಮೋಡಿಗೆ ಹಾಕಿ, ಡಯಲರ್ ಬಂದ್ ಮಾಡಿ, ಅಧ್ಯಕ್ಷರವರೆಗೆ ಎಲ್ಲರಿಗೂ ಮೊದಲೇ ಹೇಳಿ. ಆಮೇಲೆ ಝೋನ್ 3ರ ಎರಡು ವಯರ್ ಪ್ಯಾನೆಲ್ಲಿಂದ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಇಂಥ ಬಟನ್ ಸಾಮಾನ್ಯವಾಗಿ ನಾರ್ಮಲಿ ಕ್ಲೋಸ್ಡ್ ಇರುತ್ತದೆ, ಅಂದರೆ ಒತ್ತಿದಾಗ ಸರ್ಕ್ಯೂಟ್ ತೆರೆಯುತ್ತದೆ. ಲೂಪಿನ, ಅಂದರೆ ಪ್ಯಾನೆಲ್ಲಿಂದ ಬಟನಿಗೆ ಹೋಗಿ ಬರುವ ವಯರಿನ, ಕೊನೆಗೆ ಒಂದು ರೆಸಿಸ್ಟರ್ ಇರಬೇಕು, ವಯರ್ ಸರಿ ಉಂಟಾ ಎಂದು ಪ್ಯಾನೆಲ್ಲಿಗೆ ಗೊತ್ತಾಗಲು. ಕಂಪನಿ ಮೇಲೆ ಹೋಗುತ್ತದೆ, ಕೆಲವರದ್ದು 1ಕೆ (ಸಾವಿರ ಓಮ್ಸ್), ಕೆಲವರದ್ದು 2.2ಕೆ, 4.7ಕೆ, 5.6ಕೆ. ಅದು ಬಟನ್ ಹತ್ತಿರ ಇರಬೇಕು. ನಮ್ಮ ಕಡೆ ಅರ್ಧಕ್ಕರ್ಧ ಕಡೆ ಅದನ್ನು ಪ್ಯಾನೆಲ್ ಪೆಟ್ಟಿಗೆಯ ಒಳಗೇ ಸಿಕ್ಕಿಸಿ ಹೋಗಿರುತ್ತಾರೆ. ಹಾಗಿದ್ದರೆ ದಾರಿಯಲ್ಲಿ ವಯರ್ ಶಾರ್ಟ್ ಆದರೂ ಪ್ಯಾನೆಲ್ಲಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ನಿಜವಾಗಿ ಬಟನ್ ಒತ್ತಿದರೂ ಅಲಾರಂ ಬರುವುದಿಲ್ಲ. ಸುಳ್ಳು ಅಲಾರಂಗಿಂತ ಇದು ದೊಡ್ಡ ಅಪಾಯ.

ರೆಸಿಸ್ಟರ್ ಪ್ಯಾನೆಲ್ಲಿನಲ್ಲೇ ಇದ್ದರೆ ಬಿಚ್ಚಿದ ವಯರಿನಲ್ಲಿ ಕೆಲವೇ ಓಮ್ಸ್ ತೋರಿಸಬೇಕು. ನೂರಾರು ತೋರಿಸಿದರೆ, ಅಥವಾ ವಯರ್ ಅಲ್ಲಾಡಿಸಿದಾಗ ಸಂಖ್ಯೆ ಕುಣಿದರೆ, ಎಲ್ಲೋ ಜಾಯಿಂಟ್ ಕಪ್ಪಾಗಿದೆ ಎಂದು ಲೆಕ್ಕ. ಮೆಗ್ಗರ್ (ವಯರಿನ ಇನ್ಸುಲೇಶನ್ ನೋಡುವ ಮೀಟರ್) ಇದ್ದವರು ವಯರನ್ನು ಪ್ಯಾನೆಲ್ಲಿಂದ ಬಿಚ್ಚದೆ ಹಚ್ಚಬೇಡಿ, 500 ವೋಲ್ಟಿಗೆ ಬೋರ್ಡ್ ಹೋಗುತ್ತದೆ.

ಹಂಪನಕಟ್ಟೆ_ಟೆಕ್

ಇಷ್ಟೆಲ್ಲ ಕಷ್ಟ ಯಾಕೆ? ಪ್ಯಾನಿಕ್ ಝೋನಿಗೆ ಹದಿನೈದು ಸೆಕೆಂಡ್ ಡಿಲೇ ಕೊಡಿ. ತಪ್ಪಿ ಒತ್ತಿದರೆ ಕೋಡ್ ಹಾಕಿ ಕ್ಯಾನ್ಸಲ್ ಮಾಡಬಹುದು.

ಓಮ್ಸ್_ಕಾಪು

ಬೇಡ. ಚೂರಿ ಹಿಡಿದವನ ಎದುರು ಹದಿನೈದು ಸೆಕೆಂಡ್ ಎಷ್ಟು ಉದ್ದ ಅಂತ ಯೋಚಿಸಿ. ಅಷ್ಟರಲ್ಲಿ ಕೀಪ್ಯಾಡ್ ಪೀಂ ಪೀಂ ಎಂದರೆ ಇನ್ನೂ ಕಷ್ಟ. "ಕ್ಯಾನ್ಸಲ್ ಮಾಡು" ಎಂದು ಅವನೇ ಹೇಳಿದರೆ? ಈ ಝೋನುಗಳು ಯಾವಾಗಲೂ ಎಚ್ಚರ ಇರುವ 24 ಗಂಟೆ ಟೈಪಿನಲ್ಲೇ ಇರಬೇಕು, ಡಿಲೇ ಇಲ್ಲದೆ.

ನೀವು ಹೇಳುವುದರಲ್ಲಿ ಚೂರು ಸತ್ಯ ಉಂಟು, ಆದರೆ ಅದು ಬೇರೆ ಸೆಟ್ಟಿಂಗ್. ಲೂಪ್ ರೆಸ್ಪಾನ್ಸ್ ಅಂತ ಇರುತ್ತದೆ, ಮಿಲಿಸೆಕೆಂಡಿನಲ್ಲಿ. ಸರ್ಕ್ಯೂಟ್ ಎಷ್ಟು ಹೊತ್ತು ತೆರೆದಿದ್ದರೆ ಪ್ಯಾನೆಲ್ ನಂಬಬೇಕು ಎನ್ನುವ ಲೆಕ್ಕ. ಅದು ತೀರಾ ಕಮ್ಮಿ ಇದ್ದರೆ ಎಸಿ ಕಂಪ್ರೆಸರ್ ಶುರುವಾದರೂ, ದೂರದಲ್ಲಿ ಸಿಡಿಲು ಹೊಡೆದರೂ ಅಲಾರಂ ಆಗುತ್ತದೆ. 300, 400ಕ್ಕೆ ಏರಿಸಿ ನೋಡಿ. ಒತ್ತಿದರೆ ಒತ್ತಿದಲ್ಲೇ ನಿಲ್ಲುವ ಲ್ಯಾಚ್ ಬಟನ್ ಆದರೆ ಯೋಚನೆ ಇಲ್ಲ. ಬಿಟ್ಟ ಕೂಡಲೇ ಹಿಂದೆ ಬರುವ ಬಟನ್ ಆದರೆ, ಗಡಿಬಿಡಿಯಲ್ಲಿ ಟಪ್ ಅಂತ ತಟ್ಟಿ ನೋಡಿ, ಆಗಲೂ ಹಿಡಿಯಬೇಕು. ಹಿಡಿಯದಿದ್ದರೆ ಪುನಃ ಇಳಿಸಿ.

ಕೌಂಟರ್_ಅಕ್ಕ

ಟೆಕ್ನಿಕಲ್ ವಿಷಯ ನನಗೆ ಗೊತ್ತಿಲ್ಲ. ಆದರೆ ಕ್ಯಾಶ್ ಕೌಂಟರಿನಲ್ಲಿ ಕೂರುವವಳು ನಾನು, ಬೇರೆ ಸಂಸ್ಥೆಯಲ್ಲಿ. ನಮ್ಮಲ್ಲೂ ಹೀಗೇ ಆಗಿತ್ತು. ಒಂದು ಸಲ ಅಲಾರಂ ಹೊಡೆದದ್ದಕ್ಕೆ ಎಲ್ಲರ ಎದುರು ಬೈದರು. ಅದಾದ ಮೇಲೆ ನಾವೆಲ್ಲ ಕುರ್ಚಿಯನ್ನು ಹಿಂದೆ ಎಳೆದು ಕೂರಲು ಶುರು ಮಾಡಿದೆವು, ಕಾಲು ತಾಗಬಾರದು ಎಂದು. ಒಬ್ಬಳು ಸ್ವಿಚ್ಚಿನ ಮೇಲೆ ರಟ್ಟಿನ ಪೆಟ್ಟಿಗೆಯನ್ನೇ ಮಗುಚಿ ಹಾಕಿದ್ದಳು. ಕಂಪ್ಲೇಂಟ್ ಪೂರಾ ನಿಂತುಹೋಯಿತು, ಮೇಲಿನವರಿಗೆ ಖುಷಿ. ನಿಜವಾಗಿ ಯಾರಾದರೂ ಬಂದಿದ್ದರೆ ಒತ್ತುವವರು ಯಾರೂ ಇರಲಿಲ್ಲ.

ಇನ್ನೊಂದು. ಬೆಳಗ್ಗೆ ನೆಲ ಒರೆಸುವ ಅಕ್ಕನಿಗೆ ಅಲ್ಲಿ ಸ್ವಿಚ್ ಉಂಟು ಎಂದು ಯಾರಾದರೂ ತೋರಿಸಿದ್ದೀರಾ? ನಮ್ಮಲ್ಲಿ "ಗುಟ್ಟು" ಎಂದು ಹೇಳಿರಲೇ ಇಲ್ಲ. ದಿನಾ ಅದರ ಸುತ್ತ ಗುಡಿಸುವವರಿಗೆ ಗುಟ್ಟು ಮಾಡಿ ಏನು ಪ್ರಯೋಜನ?

ಸೊಸೈಟಿ_ಸಿಸ್ಟಮ್, ಉಡುಪಿ

ಅಕ್ಕ, ನೀವು ಹೇಳಿದ ಮೇಲೆ ಹೋಗಿ ನೋಡಿದೆ. ನಮ್ಮಲ್ಲೂ ಒಂದನೇ ಕೌಂಟರಿನ ಸ್ವಿಚ್ಚಿನ ಎದುರು ಹಳೇ ವೋಚರ್ ಕಟ್ಟು ಇಟ್ಟಿದ್ದಾರೆ! ಝೋನ್ 1 ಯಾಕೆ ಅಷ್ಟು ಒಳ್ಳೆ ಮಗು ಎಂದು ಈಗ ಗೊತ್ತಾಯಿತು.

ಓಮ್ಸ್_ಕಾಪು

ಅದನ್ನು ಇವತ್ತೇ ತೆಗೆಸಿ. ಲಾಗಿನಲ್ಲಿ ಒಂದೂ ಇಲ್ಲದ ಝೋನನ್ನೂ ಸಂಶಯದಿಂದ ನೋಡಬೇಕು.

ಆಸ್ಪತ್ರೆ_ವಯರಿಂಗ್, ಮಂಗಳೂರು

ಕಾಲಿನ ಸ್ವಿಚ್ ಬಗ್ಗೆ ನಾನು ಹೇಳುತ್ತೇನೆ, ಕ್ಯಾಶುವಾಲ್ಟಿಯ ಕೌಂಟರಿಗೆ ಹಾಕಿ ಅಭ್ಯಾಸ ಉಂಟು. ಎರಡು ಜಾತಿ. ಒಂದು, ಪೆಡಲಿನ ಹಾಗೆ ಮೇಲಿಂದ ಕೆಳಗೆ ತುಳಿಯುವುದು. ಇದು ಅಪಾಯ. ಬ್ಯಾಗ್ ಬಿದ್ದರೂ, ಕುರ್ಚಿಯ ಚಕ್ರ ಏರಿದರೂ, ಮೋಪು ತಾಗಿದರೂ ಹೊಡೆಯುತ್ತದೆ. ಇನ್ನೊಂದು, ಪಾದದ ಮೇಲ್ಭಾಗದಿಂದ ಎತ್ತುವುದು. ಕಾಲ ಬೆರಳನ್ನು ಪಟ್ಟಿಯ ಅಡಿಗೆ ತೂರಿಸಿ ಮೇಲಕ್ಕೆ ಎತ್ತಬೇಕು. ಬೀಳುವ ವಸ್ತು ಕೆಳಗೆ ಬೀಳುತ್ತದೆಯೇ ಹೊರತು ಮೇಲಕ್ಕೆ ಬೀಳುವುದಿಲ್ಲವಲ್ಲ, ಅದೇ ಇದರ ಗುಟ್ಟು. ಎರಡನೇ ಕೌಂಟರಿಗೆ ಇದನ್ನೇ ಹಾಕಿ. ನೆಲಕ್ಕೆ ಸ್ಕ್ರೂ ಹೊಡೆಯುವ ಮೊದಲು ಅಲ್ಲಿ ಕೂರುವವರನ್ನೇ ಕೂರಿಸಿ ಜಾಗ ಗುರುತು ಮಾಡಿ, ಎತ್ತರದವರಿಗೂ ಗಿಡ್ಡದವರಿಗೂ ಸಿಗಬೇಕು. ನೆಲದಿಂದ ಒಂದಿಂಚು ಮೇಲಿರುವ ಮರದ ಹಲಗೆಯ ಮೇಲೆ ಕೂರಿಸಿದರೆ ಒರೆಸುವ ನೀರೂ ಒಳಗೆ ಹೋಗುವುದಿಲ್ಲ.

ಕೈ ಬಟನಿಗೆ, ಎರಡು ಗುಂಡಿ ಒಟ್ಟಿಗೆ ಹಿಂಡಿದರೆ ಮಾತ್ರ ಕೆಲಸ ಮಾಡುವ ಮಾದರಿ ಸಿಗುತ್ತದೆ. ಹೆಬ್ಬೆರಳು ಒಂದು ಬದಿ, ತೋರುಬೆರಳು ಇನ್ನೊಂದು ಬದಿ. ಮೊಣಕಾಲು ತಾಗಿದರೆ ಏನೂ ಆಗುವುದಿಲ್ಲ. ಲ್ಯಾಚ್ ಆಗುವುದನ್ನೇ ತೆಗೆದುಕೊಳ್ಳಿ. ಕೀ ಹಾಕಿ ತಿರುಗಿಸಿದರೆ ಮಾತ್ರ ಹಿಂದೆ ಬರುತ್ತದೆ, ಹಾಗಾಗಿ ಯಾವುದು ಒತ್ತಿದ್ದು ಎಂದು ಜಗಳವೇ ಇಲ್ಲ.

ಹಂಪನಕಟ್ಟೆ_ಟೆಕ್

ಸರಿ, ಡಿಲೇ ಮಾತು ಬಿಟ್ಟೆ. ರಿಮೋಟ್ ವಿಷಯ ನನ್ನ ಏರಿಯಾ. ಸರಾಫರು ಅದನ್ನು ಅಂಗಿ ಕಿಸೆಯಲ್ಲಿ ಹಾಕಿಕೊಂಡೇ ಬ್ಯಾಗ್ ಕಟ್ಟುತ್ತಾರೆ ಅಲ್ವಾ? ಬಗ್ಗುವಾಗ ಮೇಜಿನ ಅಂಚಿಗೆ ಒತ್ತುತ್ತದೆ. ಎರಡು ಸೆಕೆಂಡ್ ಹಿಡಿದರೆ ಮಾತ್ರ ಸಿಗ್ನಲ್ ಬಿಡುವ ರಿಮೋಟ್ ಉಂಟು, ಅದನ್ನು ತರಿಸಿ. ಇಲ್ಲದಿದ್ದರೆ ಮೇಜಿನ ಅಡಿಗೆ ಸ್ಕ್ರೂ ಹಾಕಿ ಕೂರಿಸಿಬಿಡಿ. ಒಂದೇ ಕಡೆ ಕೂರುವವರಿಗೆ ಓಡಾಡುವ ರಿಮೋಟ್ ಯಾಕೆ?

ಹಳೇ ಅಗ್ಗದ ರಿಮೋಟ್ ಆದರೆ ಬಿಚ್ಚಿ ಚಿಪ್ಪಿನ ನಂಬರ್ ನೋಡಿ. ಪಿಟಿ2262 ಇದ್ದರೆ ಅದರ ಕೋಡನ್ನು ಬೆಸುಗೆ ಹಾಕಿ ಸೆಟ್ ಮಾಡುವುದು. ಎಂಟು ಪಿನ್ನಿಗೆ ಮೂರು ಸ್ಥಿತಿಯಂತೆ 6,561 ಕೋಡ್ ಮಾತ್ರ. ಎಷ್ಟೋ ಜನ ಕಂಪನಿಯಿಂದ ಬಂದ ಹಾಗೇ ಬಿಡುತ್ತಾರೆ. ಪಕ್ಕದ ಅಂಗಡಿಯ ರೋಲಿಂಗ್ ಶಟರಿಗೂ ಅದೇ 433 ಮೆಗಾಹರ್ಟ್ಸ್, ಅದೇ ಕೋಡ್ ಇದ್ದರೆ ಅವರು ಶಟರ್ ಎಳೆದಾಗ ನಿಮ್ಮಲ್ಲಿ ದರೋಡೆ! ಇವಿ1527 ಆದರೆ ಹತ್ತು ಲಕ್ಷ ಚಿಲ್ಲರೆ ಕೋಡ್, ಸಾಕು.

ಸೊಸೈಟಿ_ಸಿಸ್ಟಮ್, ಉಡುಪಿ

ಅಪ್ಡೇಟ್ ಕೊಡುತ್ತೇನೆ. ಝೋನ್ 3ರ ವಯರಿನಲ್ಲಿ ಮೀಟರ್ 300 ಓಮ್ಸಿಗೆ ಶುರುವಾಗಿ ಮೇಲೆ ಕೆಳಗೆ ಓಡುತ್ತಿತ್ತು. ಎಳೆದುಕೊಂಡು ಹೋದರೆ, ಕ್ಯಾಬಿನಿನ ಹಿಂದೆ ಹಳೇ ಹಂಚಿನ ಮಾಡು ಗೋಡೆಗೆ ಸೇರುವಲ್ಲಿ ಒಂದು ಜಾಯಿಂಟ್. ಬರೀ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪ್ ಬಿಚ್ಚಿದರೆ ತಾಮ್ರ ಹಸಿರು ಹಸಿರು. ಬಟನ್ ಪೆಟ್ಟಿಗೆಯೊಳಗೆ ಕೆಂಪಿರುವೆಗಳ ಸಂಸಾರವೇ ಇತ್ತು, ಹಲ್ಲಿ ಮೊಟ್ಟೆ ಬೇರೆ. ರೆಸಿಸ್ಟರ್ ನೀವು ಹೇಳಿದ ಹಾಗೆ ಪ್ಯಾನೆಲ್ಲಿನಲ್ಲೇ ಇತ್ತು. ಈ ವಯರ್ 230 ವೋಲ್ಟಿನ ಎಸಿ ಲೈನ್ ಒಟ್ಟಿಗೆ ಒಂದೇ ಪೈಪಿನಲ್ಲಿ ಹೋಗಿದೆ.

ಓಮ್ಸ್_ಕಾಪು

ಮಲ್ಪೆ ಕಡೆಯ ಗಾಳಿಗೆ ಉಪ್ಪು, ಮಳೆಗಾಲಕ್ಕೆ ನೀರು, ತಿರುಚಿದ ತಾಮ್ರ ಎಷ್ಟು ದಿನ ತಡೆಯುತ್ತದೆ? ಆ ತುಂಡನ್ನು ದುರಸ್ತಿ ಮಾಡಬೇಡಿ, ಪ್ಯಾನೆಲ್ಲಿಂದ ಬಟನಿನವರೆಗೆ ಜಾಯಿಂಟ್ ಇಲ್ಲದ ಹೊಸ ಕೇಬಲ್ ಒಳಗಿನ ಗೋಡೆಯಿಂದ ಎಳೆಯಿರಿ. ಕರೆಂಟಿನ ವಯರಿನಿಂದ ದೂರ ಇರಲಿ. ದಾಟಲೇಬೇಕಾದಲ್ಲಿ ಅಡ್ಡ ದಾಟಿಸಿ, ಒಟ್ಟೊಟ್ಟಿಗೆ ಓಡಿಸಬೇಡಿ. ಶೀಲ್ಡ್ (ಒಳಗಿನ ಲೋಹದ ಹೊದಿಕೆ) ಇರುವ ಕೇಬಲ್ ಆದರೆ ಶೀಲ್ಡನ್ನು ಪ್ಯಾನೆಲ್ ಬದಿ ಮಾತ್ರ ಅರ್ತ್ ಮಾಡಿ, ಎರಡೂ ಬದಿ ಬೇಡ. ರೆಸಿಸ್ಟರ್ ಬಟನ್ ಪೆಟ್ಟಿಗೆಗೆ ಹೋಗಲಿ.

ಪ್ಯಾನೆಲ್ಲಿನ 12 ವೋಲ್ಟ್ 7 ಎಎಚ್ ಬ್ಯಾಟರಿಯ ಮೇಲೆ ತಾರೀಕು ಬರೆದಿಡಿ. ಮೂರು, ನಾಲ್ಕು ವರ್ಷಕ್ಕೆ ಅದು ಮುಗಿಯಿತು. ಮೆಸ್ಕಾಂ ಕರೆಂಟ್ ಹೋಗಿ ಬರುವಾಗ ಸೋತ ಬ್ಯಾಟರಿ ಇದ್ದರೆ ಪ್ಯಾನೆಲ್ ರೀಸ್ಟಾರ್ಟ್ ಆಗಿ ಏನೇನೋ ಹೊಡೆಯುತ್ತದೆ.

ಕೌಂಟರ್_ಅಕ್ಕ

ಫೋನ್ ಬಂದಾಗ ಏನು ಮಾಡಬೇಕು ಎನ್ನುವುದನ್ನೂ ಬರೆಯಿರಿ. ನಮ್ಮಲ್ಲಿ ಗೊಂದಲ ಆದದ್ದು ಅಲ್ಲೇ.

ಆಸ್ಪತ್ರೆ_ವಯರಿಂಗ್, ಮಂಗಳೂರು

ಒಳ್ಳೆ ಪ್ರಶ್ನೆ. ನಾನು ಮಾಡಿಸುವುದು ಹೀಗೆ. ಅಲಾರಂ ಬಂದ ಕೂಡಲೇ ಹೊರಗಿನವರೊಬ್ಬರು ಮೊದಲು ಕ್ಯಾಮರಾ ನೋಡಬೇಕು. ಗಲಾಟೆ ಕಂಡರೆ ಬ್ರಾಂಚಿಗೆ ಫೋನ್ ಮಾಡಬೇಡಿ, ನೇರ 112. ಶಾಂತವಾಗಿ ಕಂಡರೆ ಬ್ರಾಂಚಿಗೆ ಫೋನ್ ಮಾಡಿ. ಅಲ್ಲಿಯವರು ಎರಡು ಮಾತಲ್ಲಿ ಒಂದು ಹೇಳಬೇಕು, ಎಲ್ಲ ಸರಿ ಇದ್ದರೆ ಒಂದು, ಪಕ್ಕದಲ್ಲಿ ಯಾರೋ ನಿಂತಿದ್ದರೆ ಇನ್ನೊಂದು. "ಮ್ಯಾನೇಜರ್ ಕೋಲಕ್ಕೆ ಹೋಗಿದ್ದಾರೆ" ಅಂತ ಏನಾದರೂ ಸಹಜವಾಗಿರಲಿ, ನಮ್ಮದು ಇದಲ್ಲ ಮತ್ತೆ! ಎರಡೂ ಬಾರದೆ ಬರೀ "ಏನಿಲ್ಲ, ಏನಿಲ್ಲ" ಎಂದರೆ 112ಕ್ಕೆ ಹೇಳಿ. ಫೋನ್ ಎತ್ತದಿದ್ದರೂ ಹಾಗೇ.

ಪ್ಯಾನೆಲ್ಲಿನಲ್ಲಿ ಡ್ಯೂರೆಸ್ ಕೋಡ್ (ಬೆದರಿಸಿ ಅಲಾರಂ ಬಂದ್ ಮಾಡಿಸಿದಾಗ ಗುಟ್ಟಾಗಿ ಸುದ್ದಿ ಕಳಿಸುವ ಕೋಡ್) ಇದ್ದರೆ ಮಾಮೂಲಿ ಕೋಡಿನ ಕೊನೆ ಅಂಕಿಗೆ ಒಂದು ಸೇರಿಸಿ ಇಡಬೇಡಿ. 1234 ಬದಲು 1235 ಒತ್ತಿಹೋಗುವುದು ಎಷ್ಟು ಸುಲಭ! ಅಮೆರಿಕದ ಅಲಾರಂ ಪ್ಯಾನೆಲ್ಲುಗಳ ಸಿಪಿ-01 ಸ್ಟ್ಯಾಂಡರ್ಡ್ ಇದನ್ನು ಬೇಡ ಎನ್ನುತ್ತದೆ, ಸುಳ್ಳು ಅಲಾರಂ ಕಾಟಕ್ಕೇ.

ಸೈರನ್ ಬಗ್ಗೆ ನನ್ನ ಅಭಿಪ್ರಾಯ: ಕ್ಯಾಶ್ ಕೌಂಟರಿನ ಬಟನಿಗೆ ಸೈರನ್ ಬೇಡ, ಸೈಲೆಂಟ್ ಝೋನ್ ಮಾಡಿ. ಒಳಗೆ ಆಯುಧ ಹಿಡಿದವನಿರುವಾಗ ಸೈರನ್ ಹೊಡೆದರೆ ಅವನು ಗಾಬರಿಯಲ್ಲಿ ಏನು ಮಾಡುತ್ತಾನೋ. ಇದರಲ್ಲಿ ಎಲ್ಲರೂ ಒಪ್ಪಬೇಕೆಂದಿಲ್ಲ.

ಹಂಪನಕಟ್ಟೆ_ಟೆಕ್

ನಾನು ಒಪ್ಪುವುದಿಲ್ಲ. ಪೇಟೆಯ ನಡುವೆ ಸೈರನ್ ಕೇಳಿದರೆ ನಾಲ್ಕು ಜನ ಸೇರುತ್ತಾರೆ, ಓಡಿಹೋಗುತ್ತಾನೆ.

ಕೌಂಟರ್_ಅಕ್ಕ

ಅವನು ಓಡುವವರೆಗೆ ಎದುರು ಕೂತಿರುವುದು ನಾನು. ಸೈಲೆಂಟೇ ಇರಲಿ.

ಸೊಸೈಟಿ_ಸಿಸ್ಟಮ್, ಉಡುಪಿ

ಹೊಸ ಕೇಬಲ್ ಎಳೆದಾಯಿತು. ಎರಡು ಜೋರು ಮಳೆ ಬಂದು ಹೋಯಿತು, ಝೋನ್ 3 ತೆಪ್ಪಗಿದೆ. ಎತ್ತುವ ಕಾಲಿನ ಸ್ವಿಚ್ ಎರಡೂ ಕೌಂಟರಿಗೆ ಬಂತು, ನೆಲ ಒರೆಸುವ ಅಕ್ಕನನ್ನೂ ಕರೆದು ತೋರಿಸಿದೆವು. "ಇದಾ? ನಾನು ದಿನಾ ಇದನ್ನು ತಿಕ್ಕುತ್ತಿದ್ದೆ" ಎಂದರು! ಕೌಂಟರಿನದ್ದು ಸೈಲೆಂಟ್ ಮಾಡಿದ್ದೇವೆ. ರಿಮೋಟ್ ಮೇಜಿನ ಅಡಿಗೆ ಕೂತಿತು. ತಿಂಗಳಿಗೊಮ್ಮೆ, ಬ್ರಾಂಚ್ ತೆರೆಯುವ ಮೊದಲು, ಪ್ರತಿಯೊಬ್ಬರೂ ತಮ್ಮ ಬಟನನ್ನು ತಾವೇ ಒತ್ತಿ ನೋಡುವುದು ಎಂದು ಮ್ಯಾನೇಜರ್ ಒಪ್ಪಿದ್ದಾರೆ.

ಕೊನೆಗೆ ಒಂದು ಡೌಟ್. ಬಟನ್ ಪೆಟ್ಟಿಗೆಗೆ ಇರುವೆ ಹೋಗದ ಹಾಗೆ ವಯರ್ ಒಳಗೆ ಹೋಗುವ ತೂತಿಗೆ ಸಿಲಿಕೋನ್ ತುಂಬಿಸಬಹುದಾ? ಬಾತ್‌ರೂಮಿಗೆ ತಂದದ್ದು ಒಂದು ಟ್ಯೂಬ್ ಉಳಿದಿದೆ.

ಓಮ್ಸ್_ಕಾಪು

ಟ್ಯೂಬ್ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಬೇಡ, ಅದು ಒಣಗುವಾಗ ಬಿಡುವ ಆಸಿಡ್ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ತನ್ನಿ. ವಯರನ್ನು ಪೆಟ್ಟಿಗೆಗೆ ಕೆಳಗಿನಿಂದ ಹತ್ತಿಸಿ, ಹೊರಗೆ ಸ್ವಲ್ಪ ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.