ನಾನು ನಿಧಾನ. ಗೆಳತಿಯರ ಜೊತೆ ಓಡಲು ಹೋಗಲಾ, ಬೇಡವಾ?

ಶೂ_ಮೂಲೆಯಲ್ಲಿ:

ಮೈಸೂರಿನಲ್ಲಿದ್ದೇನೆ, ವಯಸ್ಸು 38. ಕುಕ್ಕರಹಳ್ಳಿ ಕೆರೆ ಸುತ್ತ ಒಬ್ಬಳೇ ಓಡಲು ಶುರು ಮಾಡಿದ್ದು ಇದು ಮೂರನೇ ಸಲ. ಪ್ರತಿ ಸಲವೂ ಮೂರು ವಾರ ಭಾರೀ ಉತ್ಸಾಹ. ಆಮೇಲೆ ಒಂದು ದಿನ ಮಳೆ, ಒಂದು ದಿನ ಮಗನ ಪರೀಕ್ಷೆ. ಅಲ್ಲಿಗೆ ಶೂ ಮೂಲೆ ಸೇರುತ್ತದೆ. ಈಗ ಆಫೀಸಿನ ಇಬ್ಬರು ಗೆಳತಿಯರು "ನಮ್ಮ ಜೊತೆ ಬಾರೇ" ಎಂದು ಕರೆಯುತ್ತಿದ್ದಾರೆ. ಅವರು ಐದು ಕಿಲೋಮೀಟರ್ 32 ನಿಮಿಷದಲ್ಲಿ ಮುಗಿಸುತ್ತಾರೆ, ನನಗೆ 43 ಬೇಕು. ನನ್ನಿಂದ ಅವರ ಓಟ ಹಾಳಾಗುತ್ತದೆ ಅಲ್ವಾ? ಜೊತೆಯಲ್ಲಿ ಓಡಿದರೆ ನಿಜವಾಗಿ ಲಾಭ ಇದೆಯಾ, ಇಲ್ಲ ಸುಮ್ನೆ ಹರಟೆಗೆ ಒಂದು ನೆಪವಾ?

ನಂದಿವರೆಗೆ:

ಹರಟೆ ಖಂಡಿತ ಇರುತ್ತದೆ. ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ನನಗೆ 54. ಆರು ವರ್ಷದಿಂದ ನಾಲ್ಕು ಜನ ಓಡುತ್ತಿದ್ದೇವೆ: ನಾನು, ನನ್ನ ನಾದಿನಿ, ನಮ್ಮ ಬೀದಿಯ ಟೈಲರಮ್ಮ, ಒಬ್ಬರು ಲೆಕ್ಕದ ಟೀಚರ್. ಬೆಳಿಗ್ಗೆ 5:15ಕ್ಕೆ ವಾಟ್ಸ್ಆ್ಯಪ್‌ನಲ್ಲಿ "ಎದ್ದೆ" ಎಂದು ಹಾಕಬೇಕು. ಹಾಕದಿದ್ದರೆ ಹತ್ತು ನಿಮಿಷಕ್ಕೆ ನಾದಿನಿಯ ಫೋನ್. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳುವವರೆಗೂ ಇಡುವುದಿಲ್ಲ ಅವಳು. ನನಗೆ ಶಿಸ್ತು ಇದೆ ಎಂದು ಊರವರು ಹೊಗಳುತ್ತಾರೆ. ಶಿಸ್ತಲ್ಲ, ನಾದಿನಿ.

ಡಿಸೆಂಬರಿನಲ್ಲಿ ಆರು ಗಂಟೆಗೂ ಇಲ್ಲಿ ಕತ್ತಲೆ. ಬೀದಿನಾಯಿ ಬೇರೆ. ಒಬ್ಬಳೇ ಆಗಿದ್ದರೆ ನಾನು ಗೇಟು ದಾಟುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮರದ ಬೇರು ಎಡವಿ ಕಾಲು ಉಳುಕಿತು. ಟೈಲರಮ್ಮ ತನ್ನ ದುಪಟ್ಟಾ ಬಿಚ್ಚಿ ಪಾದಕ್ಕೆ ಬಿಗಿಯಾಗಿ ಸುತ್ತಿದರು, ಟೀಚರ್ ಓಡಿಹೋಗಿ ಸ್ಕೂಟರ್ ತಂದರು. ಆವತ್ತು ಅವರು ಓಡಿದ ವೇಗ ಮತ್ತೆ ಯಾವತ್ತೂ ಬಂದಿಲ್ಲ.

ಈಗ ನಿಮ್ಮ 43 ನಿಮಿಷದ ವಿಷಯ. ಮಾತು ನಿಲ್ಲದಂತೆ ಓಡುವುದೇ ಹೊಸಬರಿಗೆ ಸರಿಯಾದ ವೇಗ. ಪೂರ್ತಿ ಒಂದು ವಾಕ್ಯ ಹೇಳಲು ಆಗದಷ್ಟು ಏದುಸಿರು ಬಂತು ಅಂದರೆ ಜಾಸ್ತಿ ಆಯಿತು ಎಂದರ್ಥ. ಒಬ್ಬಳೇ ಓಡುವಾಗ ಇದು ಗೊತ್ತೇ ಆಗುವುದಿಲ್ಲ, ಯಾರ ಹತ್ತಿರ ಮಾತಾಡುತ್ತೀರಿ? ನೀವು ಮೂರು ವಾರಕ್ಕೆ ಸುಸ್ತಾಗಲು ಮಳೆ ಮಾತ್ರ ಕಾರಣ ಇರಲಿಕ್ಕಿಲ್ಲ. ದಿನಾ ಜೋರಾಗಿ ಓಡುತ್ತಿದ್ದಿರೇನೋ.

ಗೆಳತಿಯರಿಗೆ ಒಂದು ಉಪಾಯ ಹೇಳಿ. ಮೂವರೂ ಒಟ್ಟಿಗೆ ಹೊರಡಿ, ನಿಮ್ಮ ನಿಮ್ಮ ವೇಗದಲ್ಲಿ ಓಡಿ. 20 ನಿಮಿಷ ಆದ ತಕ್ಷಣ ಎಲ್ಲಿದ್ದರೂ ಸರಿ, ಎಲ್ಲರೂ ಹಿಂದೆ ತಿರುಗಬೇಕು. ಮುಂದೆ ಹೋದವರು ಈಗ ನಿಮ್ಮ ಹಿಂದೆ ಆಗುತ್ತಾರೆ. ಹೋದ ವೇಗದಲ್ಲೇ ವಾಪಸ್ ಬಂದರೆ ಮೂವರೂ ಹೆಚ್ಚುಕಮ್ಮಿ ಒಟ್ಟಿಗೇ ಗೇಟು ಮುಟ್ಟುತ್ತೀರಿ. ಯಾರೂ ಯಾರಿಗೂ ಕಾಯಬೇಕಿಲ್ಲ.

ಅಂದ ಹಾಗೆ ನನ್ನ ಹೆಸರು ನೋಡಿ ನಗಬೇಡಿ. ಭಾನುವಾರ ನಾವು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ನಾನು ಒಂದು ವರ್ಷ ಏಳುನೂರನೇ ಮೆಟ್ಟಿಲ ಹತ್ತಿರ ನಂದಿಗೆ ಕೈಮುಗಿದು ಅಲ್ಲೇ ಕೂತುಬಿಡುತ್ತಿದ್ದೆ. ಈಗ ಮೇಲಿನವರೆಗೂ ಹೋಗುತ್ತೇನೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಮಂಗಳವಾರ_ಒಂಟಿ:

ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಇನ್ನೊಂದು ಮುಖವೂ ಇದೆ. ನಾನು ಬೆಂಗಳೂರಿನವನು. ಕಬ್ಬನ್ ಪಾರ್ಕಿನಲ್ಲಿ ಓಡುವ ಗೆಳೆಯರೆಲ್ಲ ನನಗಿಂತ ಜೋರು. ಮಾನ ಉಳಿಸಿಕೊಳ್ಳಲು ಎರಡು ತಿಂಗಳು ಅವರ ಬೆನ್ನು ಬಿಡಲಿಲ್ಲ. ಮೊಣಕಾಲ ಕೆಳಗಿನ ಮೂಳೆ ನೋವು ಶುರುವಾಗಿ ಐದು ವಾರ ಮನೆಯಲ್ಲಿ ಕೂತೆ. ಈಗ ಶನಿವಾರ ಅವರ ಜೊತೆ, ಮಂಗಳವಾರ ನಾನೊಬ್ಬನೇ.

1920ರ ದಶಕದಲ್ಲಿ ಓಟ್ಟೋ ಕೋಲರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಹುಟ್ಟು ಹಾಕುವವರ ಕೈಗೆ ಭಾರ ಕೊಟ್ಟು ನೋಡಿದ. ಬಲ ಕಮ್ಮಿ ಇದ್ದವನು ಒಂಟಿಯಾಗಿದ್ದಾಗ ಎಷ್ಟು ಹೊತ್ತು ಎತ್ತುತ್ತಿದ್ದನೋ, ಜೋಡಿಯಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಎತ್ತಿದ. ಆದರೆ ಇಬ್ಬರ ಬಲದಲ್ಲಿ ತೀರಾ ಜಾಸ್ತಿ ಅಂತರ ಇದ್ದರೆ ಆ ಲಾಭ ಕಡಿಮೆ. ಅಂದರೆ ನಿಮಗಿಂತ ಸ್ವಲ್ಪ ಮುಂದಿರುವ ಗೆಳತಿ ಒಳ್ಳೆಯದು, ಕಣ್ಣಿಗೇ ಕಾಣದಷ್ಟು ಮುಂದಿರುವವಳು ಬೇಡ.

ಇನ್ನು ಭಾರ ಆಗುತ್ತೇನೆ ಅನ್ನುವ ಸಂಕೋಚ ಬಿಡಿ. 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಎಂಬ ಕೀನ್ಯಾದ ಓಟಗಾರ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ, ಸರದಿಯಲ್ಲಿ ಅವನಿಗೂ ಜೊತೆ ಕೊಟ್ಟವರು 41 ಓಟಗಾರರು. ಅದನ್ನು ಅಧಿಕೃತ ಮ್ಯಾರಥಾನ್ ವಿಶ್ವದಾಖಲೆ ಎಂದು ಒಪ್ಪಲಿಲ್ಲ, ಅದು ಬೇರೆ ಮಾತು.

ಶೂ_ಮೂಲೆಯಲ್ಲಿ:

ಮೂರು ದಿನ ಹೋಗಿಬಂದೆ! 20 ನಿಮಿಷಕ್ಕೆ ತಿರುಗುವ ಉಪಾಯ ಗೆಳತಿಯರಿಗೂ ಇಷ್ಟವಾಯಿತು. ನನ್ನನ್ನು ಹಿಡಿಯಲು ಅವರು ಪಟ್ಟ ಪಾಡು ನೋಡಿ ನಗು ಬಂತು. ಇವತ್ತು ಎದ್ದಾಗ ಹೊರಗೆ ತುಂತುರು ಮಳೆ. ಗೇಟಿನ ಹತ್ತಿರ ಒಬ್ಬಳು ಕೊಡೆ ಹಿಡಿದು ನಿಂತಿದ್ದಾಳೆ ಎಂದು ಮೆಸೇಜ್ ಬಂತು. ಹೋಗದೆ ಇರಲು ಮುಖ ಇರಲಿಲ್ಲ. ಒಂದೇ ತೊಂದರೆ, ಮಾತಾಡುತ್ತಾ ಓಡಿದರೆ ಪಕ್ಕೆ ಹಿಡಿಯುತ್ತದೆ. ಮಾತು ಕಮ್ಮಿ ಮಾಡಬೇಕಾ?

ನಂದಿವರೆಗೆ:

ಓಡುವ ಮುಂಚೆ ಏನು ತಿಂದಿರಿ?

ಶೂ_ಮೂಲೆಯಲ್ಲಿ:

ಮೂರು ಇಡ್ಲಿ. ರಾತ್ರಿಯದು ಉಳಿದಿತ್ತು ಅಂತ.

ನಂದಿವರೆಗೆ:

ಮಾತು ಇರಲಿ. ನೀವು ವಾಪಸ್ ಬಂದ ಮೇಲೆ ಇಡ್ಲಿ.