ಮನೆ ಗುಂಪಿನಲ್ಲಿ ಮಾಯಾಮೃಗದ ಜಗಳ

ಗುಂಪು: ಹೊಳೆಬದಿ ಮನೆಯವರು
ಭಾನುವಾರ ಬೆಳಿಗ್ಗೆ

ವಸಂತತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಲ್ಲರೂ ತಪ್ಪದೇ ಓದಿ 🙏🙏 ಅಂದಿನ ಧಾರಾವಾಹಿಗಳು ಮನೆ ಕಟ್ಟುತ್ತಿದ್ದವು, ಇಂದಿನ ಧಾರಾವಾಹಿಗಳು ಮನೆ ಮುರಿಯುತ್ತಿವೆ!! ಮಾಲ್ಗುಡಿ ಡೇಸ್, ಗುಡ್ಡದ ಭೂತ, ಮಾಯಾಮೃಗ ಎಲ್ಲವೂ 13 ವಾರಕ್ಕೆ ಮುಗಿಯುತ್ತಿದ್ದವು. ಇಂದು ಸಾವಿರ ಕಂತಾದರೂ ಸೊಸೆಗೆ ವಿಷ ಹಾಕುವುದು ಮುಗಿಯುವುದಿಲ್ಲ. ಧಾರಾವಾಹಿ ನೋಡುವ ಮನೆಗಳಲ್ಲಿ ವಿಚ್ಛೇದನ ಜಾಸ್ತಿ ಎಂದು ವಿದೇಶದ ತಜ್ಞರೇ ಒಪ್ಪಿದ್ದಾರೆ. ನಿಮ್ಮ ಮನೆ ಉಳಿಯಬೇಕಾದರೆ ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ನೂರಕ್ಕೆ ನೂರು ಸತ್ಯ. ಬಹಳ ಒಳ್ಳೆಯ ಸಂದೇಶ ವಸಂತ. ಆ ಕಾಲದ ಸಂಸ್ಕಾರವೇ ಬೇರೆ. ಮನೆ ಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಹಾಗಿತ್ತು. ಈಗಿನದ್ದನ್ನು ಮಕ್ಕಳ ಎದುರು ಹಾಕುವುದಕ್ಕೇ ನಾಚಿಕೆ ಆಗುತ್ತದೆ. ಈ ಗುಂಪಿನ ಸೊಸೆಯಂದಿರು, ಹೆಣ್ಣುಮಕ್ಕಳು ಎಲ್ಲರೂ ಓದಬೇಕು.

ವಿನಯ: ಯಾವ ದೇಶದ ತಜ್ಞರು ಅತ್ತೆ? ಹೆಸರೇನು? ಎಲ್ಲಿ ಹೇಳಿದ್ದಾರೆ?

ವಸಂತತ್ತೆ: ನಂಗೆ ಗೊತ್ತಿಲ್ಲ ಪುಟ್ಟ, ಯೋಗ ಕ್ಲಾಸಿನ ಗುಂಪಿನಲ್ಲಿ ಬಂತು. ಒಳ್ಳೇದೇ ಹೇಳಿದ್ದಾರಲ್ಲ ಅಂತ ಹಾಕಿದೆ.

ವಿನಯ: ಒಳ್ಳೇದು ಕೆಟ್ಟದ್ದು ಆಮೇಲೆ. ನಿಜ ಹೌದೋ ಅಲ್ವೋ ಅಷ್ಟೇ ಕೇಳಿದ್ದು. ಮೊದಲ ಸಾಲಲ್ಲೇ ತಪ್ಪಿದೆ. ಮಾಲ್ಗುಡಿ ಡೇಸನ್ನು ಶಂಕರ್ ನಾಗ್ ಮಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ, ಅದು 13 ವಾರಕ್ಕೆ ಮುಗಿಯಲೂ ಇಲ್ಲ. ಮಾಯಾಮೃಗ ಅಂತೂ ದಿನಾ ಬರುತ್ತಿದ್ದ ಧಾರಾವಾಹಿ, ನೂರಾರು ಕಂತು ಇತ್ತು. ಮೂರು ಹೆಸರಲ್ಲಿ ಎರಡು ತಪ್ಪು.

ದೊಡ್ಡಪ್ಪ: ಮಾಯಾಮೃಗ ಬರುವಾಗ ನೀನು ತೊಟ್ಟಿಲು ಬಿಟ್ಟು ಇಳಿದಿದ್ದೆಯಷ್ಟೆ. ನೋಡಿದವರು ನಾವು. ನಮಗೇ ಪಾಠ ಹೇಳುತ್ತೀಯ?

ವಿನಯ: ನೋಡಿದ್ದೀರಿ ದೊಡ್ಡಪ್ಪ, ಇಲ್ಲ ಅಂದೆನಾ? ನೋಡಿದವರೇ ಹೇಳಿ, 13 ವಾರಕ್ಕೆ ಮುಗಿಯಿತಾ?

ಗಿರಿ: ನಂಗೆ ಅದೆಲ್ಲ ನೆನಪಿಲ್ಲ ಮಾರಾಯ. ನೆನಪಿರುವುದು ಆಂಟೆನಾ. ಅಡಿಕೆ ಮರದ ತುದಿಗೆ ಕಟ್ಟಿದ್ದು. ಮಳೆಗಾಲದಲ್ಲಿ ಗಾಳಿ ಬಂದರೆ ತಿರುಗುತ್ತಿತ್ತು, ನಾನು ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ನಿಂತು ಕಂಬ ತಿರುಗಿಸಬೇಕು, ಸುಮಾ ಜಗಲಿಯಿಂದ "ಬಂತು ಬಂತು, ಹೋಯ್ತು" ಅಂತ ಕೂಗಬೇಕು. ಅಷ್ಟರಲ್ಲಿ ಶೀರ್ಷಿಕೆ ಗೀತೆ ಮುಗಿದಿರುತ್ತಿತ್ತು.

ಸುಮಾ: ಕೆಲವು ಸಲ ಚಿತ್ರ ಬಂದ ಮೇಲೂ "ಇನ್ನೂ ಸ್ವಲ್ಪ ತಿರುಗಿಸು" ಅಂದಿದ್ದೇನೆ ಗಿರಿ. ನೀನು ನನ್ನ ಪೆನ್ಸಿಲ್ ಡಬ್ಬಿ ಮುರಿದಿದ್ದೆ.

ಚಿಕ್ಕಪ್ಪ: ಮಾಲ್ಗುಡಿ ಡೇಸ್ ಅಂದ ಕೂಡಲೇ ಹೇಳಲೇಬೇಕು. ಆಗುಂಬೆಯಲ್ಲಿ ಶೂಟಿಂಗ್ ನಡೆಯುವಾಗ ನಾವು ಕಾಲೇಜು ಹುಡುಗರು ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಹೋಗಿದ್ದೆವು. ಅಲ್ಲಿಯ ದೊಡ್ಡಮನೆ ಇದೆಯಲ್ಲ, ಅಲ್ಲೇ ಶೂಟಿಂಗ್. ಊರಿನ ಬೀದಿಯನ್ನೇ ಮಾಲ್ಗುಡಿ ಮಾಡಿಬಿಟ್ಟಿದ್ದರು. ಶಂಕರ್ ನಾಗ್ ಅವರನ್ನು ದೂರದಿಂದ ಕಂಡೆ, ಒಂದು ಕಡೆ ನಿಲ್ಲುವ ಜನವೇ ಅಲ್ಲ. ಸ್ವಾಮಿ ಪಾತ್ರದ ಹುಡುಗ ಮಂಜುನಾಥ್ ಮೆಟ್ಟಿಲ ಮೇಲೆ ಕೂತಿದ್ದ. ಅರಸಾಳು ರೈಲು ನಿಲ್ದಾಣದಲ್ಲೂ ಶೂಟಿಂಗ್ ಆಗಿತ್ತು, 2020ರಲ್ಲಿ ಅದನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ನೋಡದವರು ಹೋಗಿ ಬನ್ನಿ.

ದೊಡ್ಡಪ್ಪ: ಅಂದು ನೀನು ಕಾಲೇಜಿಗೆ ಚಕ್ಕರ್ ಹೊಡೆದು ಹೋದದ್ದು. ಅಪ್ಪನ ಎದುರು ನಿಂತು ಬೈಸಿಕೊಂಡವನು ನಾನು.

ಚಿಕ್ಕಪ್ಪ: ನಲವತ್ತು ವರ್ಷ ಆಯ್ತು ಅಣ್ಣ.

ನಿಧಿ: ಗುಡ್ ಮಾರ್ನಿಂಗ್ ಎಲ್ಲರಿಗೂ. ಅಮ್ಮ, ಇದನ್ನು ಕಳಿಸಿದ್ದು ನೀನಾ? ನಿನ್ನೆ ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಧಾರಾವಾಹಿ ನೋಡಿದ್ದೂ ನೀನೇ ಅಲ್ವಾ?

ವಸಂತತ್ತೆ: ನೋಡುತ್ತೇನೆ, ಏನೀಗ? ನೋಡಿ ಬೇಜಾರಾಗಿಯೇ ಕಳಿಸಿದ್ದು.

ದೊಡ್ಡಪ್ಪ: ನಿಧಿ, ದೊಡ್ಡವರ ಹತ್ತಿರ ಹೀಗೆ ಮಾತಾಡುವುದನ್ನು ಈಗಿನ ಧಾರಾವಾಹಿಗಳೇ ಕಲಿಸಿದ್ದು. ನಮ್ಮ ಕಾಲದಲ್ಲಿ ಭಾನುವಾರ ರಾಮಾಯಣ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಟಿವಿಗೆ ಹೂವು ಹಾಕಿ ಕೂರುತ್ತಿದ್ದರು. ಅದು ಸಂಸ್ಕಾರ.

ವಿನಯ: ಅದು ನಿಜ ದೊಡ್ಡಪ್ಪ, ಒಪ್ಪಿದೆ. 1987ರ ಜನವರಿ 25ಕ್ಕೆ ಶುರುವಾದದ್ದು. 2020ರಲ್ಲಿ ಲಾಕ್‌ಡೌನ್ ಆದಾಗ ಅದನ್ನೇ ಮತ್ತೆ ಹಾಕಿದರು, ಆಗಲೂ ಜನ ಮುಗಿಬಿದ್ದು ನೋಡಿದರು. ಆದರೆ ಫಾರ್ವರ್ಡ್ ಮಾಡಿದ ಆ ಸಾಲಿಗೂ ಇದಕ್ಕೂ ಏನು ಸಂಬಂಧ? ತಜ್ಞರು ಯಾರು ಅಂತ ಇನ್ನೂ ಯಾರೂ ಹೇಳಿಲ್ಲ.

ದೊಡ್ಡಪ್ಪ: ನಿನ್ನ ತಜ್ಞರನ್ನು ತೆಗೆದುಕೊಂಡು ಹೋಗಿ ಹೊಳೆಗೆ ಹಾಕು.

ಸುಮಾ: ನಾನು ಸ್ವಲ್ಪ ಹೇಳುತ್ತೇನೆ, ಉದ್ದ ಆಗುತ್ತದೆ, ಓದಿ. ನನಗೆ ಈ ಫಾರ್ವರ್ಡ್ ನೋಡಿ ಸಿಟ್ಟು ಬಂತು, ಯಾಕೆಂದರೆ ನನಗೆ ಈ ಧಾರಾವಾಹಿಗಳು ಅಂದರೆ ಪ್ರಾಣ. 13 ವಾರ ಅನ್ನುವುದು ಯಾರ ಸಂಯಮವೂ ಅಲ್ಲ. ದೂರದರ್ಶನ ಆಗ 13 ಕಂತಿನ ಲೆಕ್ಕದಲ್ಲಿ ಅನುಮತಿ ಕೊಡುತ್ತಿತ್ತು. ವಾರಕ್ಕೊಂದು ಕಂತು, ಮೂರು ತಿಂಗಳಿಗೆ 13. ಕಚೇರಿ ಲೆಕ್ಕ ಅಷ್ಟೇ. ಆ ಲೆಕ್ಕದೊಳಗೇ ಸದಾನಂದ ಸುವರ್ಣ ಅವರು 1990ರಲ್ಲಿ ಗುಡ್ಡದ ಭೂತ ಮಾಡಿದರಲ್ಲ, ಅದು ದೊಡ್ಡದು. ಒಂದು ಕಂತೂ ಜಾಸ್ತಿ ಅನ್ನಿಸಲ್ಲ. ಕರಾವಳಿಯ ಮನೆ, ಕರಾವಳಿಯ ಮಾತು, ಆ "ಡೆನ್ನಾನ ಡೆನ್ನಾನ" ಹಾಡು. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗ ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಸುಮಾ: ಮಾಯಾಮೃಗ 1998ರದ್ದು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶನ ಮಾಡಿದ್ದು. ವಿನಯ ಹೇಳಿದ ಹಾಗೆ ಅದು ದಿನಾ ಬರುತ್ತಿತ್ತು. ಅಂದರೆ ಈಗಿನ ದಿನದ ಧಾರಾವಾಹಿಗಳಿಗೆ ದಾರಿ ಮಾಡಿಕೊಟ್ಟವುಗಳಲ್ಲಿ ಅದೂ ಒಂದು. ದಿನಾ ಬಂದರೂ ಅದರಲ್ಲಿ ಮಾತು ಸುಳ್ಳು ಅನ್ನಿಸುತ್ತಿರಲಿಲ್ಲ. ಮಧ್ಯಮ ವರ್ಗದ ಮನೆ, ಸಂಬಳದ ಚಿಂತೆ, ಕೆಲಸದ ಚಿಂತೆ, ಹೆಣ್ಣುಮಕ್ಕಳು ಎದುರು ಮಾತಾಡುವುದು, ಎಲ್ಲ ನಮ್ಮ ಮನೆಯದೇ ಅನ್ನಿಸುತ್ತಿತ್ತು. ಅವರು ಸೀರೆ ಮಡಿಸುತ್ತಾ, ಹುಳಿಗೆ ತರಕಾರಿ ಹೆಚ್ಚುತ್ತಾ ಮಾತಾಡುತ್ತಿದ್ದರು. ಈಗ ನಡುರಾತ್ರಿಯೂ ರೇಷ್ಮೆ ಸೀರೆ, ಮಾತಿಗೊಮ್ಮೆ ಸಿಡಿಲಿನ ಸದ್ದು, ಒಂದೇ ಮುಖವನ್ನು ಮೂರು ಸಲ ತೋರಿಸುವುದು. ವಾರವಾರದ ಟಿಆರ್‌ಪಿ ನೋಡಿಕೊಂಡು ಕಥೆ ತಿರುಗಿಸಿದರೆ ಹಾಗೆಯೇ ಆಗುವುದು. ನನ್ನ ಬೇಜಾರು ಅಲ್ಲಿ. ಸಂಸ್ಕಾರ ಹೋಯಿತು ಅಂತ ಅಲ್ಲ.

ನಿಧಿ: ಸುಮಕ್ಕ, ಈಗಿನದ್ದೆಲ್ಲ ಹಾಗೇ ಇರಲ್ಲ. ಕೆಲವು ಚೆನ್ನಾಗಿವೆ. ನೀವು ನೋಡುವುದೇ ಇಲ್ಲ.

ಸುಮಾ: ಎಲ್ಲವನ್ನೂ ನೋಡಲ್ಲ, ಹೌದು. ಚೆನ್ನಾಗಿರುವುದು ಯಾವುದು ಹೇಳು, ನೋಡುತ್ತೇನೆ. ಈಗಿನದ್ದನ್ನು ಬೈಯಲಿಕ್ಕೆ ಅಂತ ಹಳೆಯದ್ದನ್ನು ದೇವರ ಪಟದ ಹಾಗೆ ಗೋಡೆಗೆ ಹೊಡೆಯುವುದು ಬೇಡ ಅಂತಲೇ ನಾನೂ ಹೇಳುತ್ತಿರುವುದು. ಪಟ ಮಾಡಿದರೆ ಯಾರೂ ಮತ್ತೆ ನೋಡುವುದಿಲ್ಲ.

ದೊಡ್ಡಪ್ಪ: ಸುಮಾ, ನೀನು ಎಷ್ಟು ಉದ್ದ ಬರೆದರೂ ವಿಷಯ ಒಂದೇ. ಆಗಿನ ಧಾರಾವಾಹಿ ನೋಡಿ ಯಾರೂ ಹಾಳಾಗಲಿಲ್ಲ.

ಸುಮಾ: ದೊಡ್ಡಪ್ಪ, ಆಗ ನೀವೇ "ಇದನ್ನು ನೋಡಿ ಹುಡುಗಿಯರು ಹಾಳಾಗುತ್ತಾರೆ" ಅಂದಿದ್ದಿರಿ. ಮಾಯಾಮೃಗಕ್ಕೇ ಅಂದಿದ್ದು. ನಂಗೆ ಚೆನ್ನಾಗಿ ನೆನಪಿದೆ.

ದೊಡ್ಡಪ್ಪ: ನಾನು ಹಾಗೆ ಹೇಳಿಲ್ಲ.

ಗಿರಿ: ಹೇಳಿದ್ದಿರಿ ಅಪ್ಪ. ಹೇಳಿ ಟಿವಿಗೆ ಬೀಗ ಹಾಕಿದ್ದಿರಿ. ಆ ಮರದ ಬಾಗಿಲು ಇದ್ದ ಟಿವಿ, ಎರಡೂ ಕಡೆಯಿಂದ ಎಳೆದು ಮುಚ್ಚುವುದು. ಕೀಲಿ ನಿಮ್ಮ ಜನಿವಾರದಲ್ಲಿ ಇರುತ್ತಿತ್ತು.

ದೊಡ್ಡಪ್ಪ: ನಿನ್ನ ಎಸ್ಸೆಸ್ಸೆಲ್ಸಿ ಇತ್ತು. ಅದಕ್ಕೆ ಹಾಕಿದ್ದು. ಪಾಸಾದೆಯಲ್ಲ?

ವಸಂತತ್ತೆ: ಎಸ್ಸೆಸ್ಸೆಲ್ಸಿ ಗಿರಿಯದ್ದು, ನೋಡಲಿಕ್ಕೆ ಸಿಗದೇ ಇದ್ದದ್ದು ನಮಗೆ. ಅಣ್ಣ, ಬೇಜಾರು ಮಾಡಬೇಡ, ಮಾತು ಬಂತು ಅಂತ ಹೇಳುತ್ತೇನೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಸರಿಯಾಗಿ ಧಾರಾವಾಹಿ ಹೊತ್ತಿಗೇ ಕರೆದಿದ್ದೆ ನೀನು. ಉಪ್ಪಿಟ್ಟು ಕೊಟ್ಟು ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೊಡ್ಡಪ್ಪ: ಆ ಸಂಬಂಧ ಕೂಡಿಬಂತಲ್ಲ? ಈಗ ಈ ಗುಂಪಿನಲ್ಲಿ ನಿನ್ನ ಮಗಳು ನನಗೆ ಎದುರು ಮಾತಾಡುತ್ತಿದ್ದಾಳಲ್ಲ?

ನಿಧಿ: ದೊಡ್ಡ ಮಾವ, ನಾನು ಅಮ್ಮನಿಗೆ ಹೇಳಿದ್ದು, ನಿಮಗಲ್ಲ.

ಚಿಕ್ಕಪ್ಪ: ಆ ಟಿವಿ ಈಗ ಯಾರ ಮನೆಯಲ್ಲಿದೆ? ಪಾಲಾಗುವಾಗ ಅದರ ಲೆಕ್ಕ ಯಾರೂ ಹೇಳಲಿಲ್ಲ.

ಗಿರಿ: ಚಿಕ್ಕಪ್ಪ, ಅದು ಅಟ್ಟದ ಮೇಲಿದೆ. ಒಳಗೆ ಇಲಿ ಮರಿ ಹಾಕಿತ್ತು. ಬೇಕಾದರೆ ತೆಗೆದುಕೊಂಡು ಹೋಗಿ.

ಚಿಕ್ಕಪ್ಪ: ಈಗ ಯಾರಿಗೆ ಬೇಕು ಮಾರಾಯ. ಅವತ್ತು ಒಂದು ಮಾತು ಕೇಳಬಹುದಿತ್ತು ಅಂತ ಅಷ್ಟೇ.

ವಿನಯ: ಅಪ್ಪ, ಇಲ್ಲಿ ವಿಷಯ ಟಿವಿ ಪಾಲು ಅಲ್ಲ.

ಚಿಕ್ಕಪ್ಪ: ನೀನು ಸುಮ್ನಿರು. ನಿನ್ನ ತಜ್ಞರ ವಿಷಯವೂ ಅಲ್ಲ.

ಅಮ್ಮ (ಶಾರದಾ): ಎಲ್ಲರದ್ದೂ ಓದಿದೆ. ಟೈಪ್ ಮಾಡಲು ನಿಧಾನ, ಮಧ್ಯೆ ಬರೆಯಬೇಡಿ. ಭಾವ ಹೇಳಿದರು, ಮನೆ ಮಂದಿಯೆಲ್ಲ ಒಟ್ಟಿಗೆ ಕೂತು ನೋಡುತ್ತಿದ್ದೆವು ಅಂತ. ಭಾವ, ನಾನೂ ಅಕ್ಕನೂ ಯಾವತ್ತು ಕೂತದ್ದು? ಸಂಜೆ ಹೊತ್ತು, ತೋಟದಿಂದ ಆಳುಗಳು ಬರುವ ಸಮಯ. ಕಾಫಿ ಆಗಬೇಕು, ಹಾಲು ಕರೆಯಬೇಕು, ರಾತ್ರಿಗೆ ಅಕ್ಕಿ ತೊಳೆಯಬೇಕು. ನಾವು ಮಾಯಾಮೃಗ ನೋಡಿದ್ದಲ್ಲ, ಕೇಳಿದ್ದು. ಅಡುಗೆಮನೆಯಿಂದ ದನಿ ಕೇಳುತ್ತಿತ್ತು. ದನಿಯಲ್ಲೇ ಯಾರು ಯಾರು ಅಂತ ಗೊತ್ತಾಗುತ್ತಿತ್ತು. ಅದರಲ್ಲಿ ನಟಿಸಿದ ಮಾಳವಿಕಾ ಅವರ ಮುಖ ನಾನು ಸರಿಯಾಗಿ ನೋಡಿದ್ದು ಎಷ್ಟೋ ವರ್ಷ ಆದ ಮೇಲೆ.

ಅಮ್ಮ (ಶಾರದಾ): ಜಗಲಿಯಲ್ಲಿ ಎಲ್ಲ ನಗುತ್ತಿದ್ದರೆ "ಏನಾಯ್ತು" ಅಂತ ವಸಂತನನ್ನು ಕೇಳಬೇಕು. ಅವಳು ಬಾಗಿಲ ಹತ್ತಿರ ನಿಂತು ಒಳಗೆ ಹೇಳುತ್ತಿದ್ದಳು. ಅಷ್ಟರಲ್ಲಿ "ಕಾಫಿ ಎಲ್ಲಿ" ಅಂತ ಕೂಗು ಬರುತ್ತಿತ್ತು.

ವಸಂತತ್ತೆ: ಹೌದು ಅತ್ತಿಗೆ. ಹೇಳಿ ಹೇಳಿ ನಂಗೆ ಡೈಲಾಗೇ ಬಾಯಿಪಾಠ ಆಗಿತ್ತು.

ಸುಮಾ: ಅಮ್ಮ, ನೀನು ಇದನ್ನು ಯಾವತ್ತೂ ಹೇಳಿಲ್ಲ. ನಾನು ಜಗಲಿಯಲ್ಲಿ ಮುಂದೆಯೇ ಕೂತಿರುತ್ತಿದ್ದೆ.

ಅಮ್ಮ (ಶಾರದಾ): ನೀನು ಸಣ್ಣವಳು. ನೋಡಲಿ ಅಂತಲೇ ಒಳಗೆ ಕರೆಯುತ್ತಿರಲಿಲ್ಲ.

ನಿಧಿ: ಶಾರದತ್ತೆ ❤️

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಶಾರದಾ, ಕಾಫಿ ಕೇಳಿದ್ದು ನಿಜ. ಆಗ ಹಾಗೇ ನಡೆಯುತ್ತಿತ್ತು. ಆದರೆ ಈಗಿನ ಧಾರಾವಾಹಿ ಕೆಟ್ಟದು ಅನ್ನುವ ಮಾತಿಗೆ ನಾನು ಈಗಲೂ ಬದ್ಧ.

ಅಮ್ಮ (ಶಾರದಾ): ಪುಟ್ಟಗೌರಿ ಮದುವೆ ಒಂದು ದಿನವೂ ಬಿಡದೆ ನೋಡಿ, ಕರೆಂಟು ಹೋದರೆ ಲೈನ್‌ಮನ್‌ಗೆ ಫೋನ್ ಮಾಡುತ್ತಿದ್ದವರು ಯಾರು ಭಾವ?

ಗಿರಿ: 😂😂 ಗೌರಿ ಬೆಟ್ಟದಿಂದ ಬಿದ್ದ ದಿನ ಅಪ್ಪ ಊಟ ಮಾಡಿರಲಿಲ್ಲ.

ದೊಡ್ಡಪ್ಪ: ಆ ಮಗುವಿನ ಕಷ್ಟ ನೋಡಿ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. ಅದರಲ್ಲಿ ತಪ್ಪೇನು?

ಸುಮಾ: ತಪ್ಪಿಲ್ಲ ದೊಡ್ಡಪ್ಪ, ಖಂಡಿತ ಇಲ್ಲ. ಅದನ್ನೇ ನಾನೂ ಹೇಳುವುದು. ಹಿಂದಿಯ ಬಾಲಿಕಾ ವಧುವಿನಿಂದ ಬಂದ ಕಥೆ ಅದು, ಆದರೂ ನಿಮಗೆ ಹತ್ತಿರ ಆಯಿತು. ಈಟಿವಿ ಶುರುವಾದ ಮೇಲೆ ವೈಶಾಲಿ ಕಾಸರವಳ್ಳಿ ಅವರ ಮೂಡಲ ಮನೆ ಬಂತಲ್ಲ, ಉತ್ತರ ಕರ್ನಾಟಕದ ಮಾತು. ನಮ್ಮ ಮನೆಯಲ್ಲಿ ಮೊದಲು ಯಾರಿಗೂ ಅರ್ಥ ಆಗುತ್ತಿರಲಿಲ್ಲ, ಆಮೇಲೆ ಎಲ್ಲರೂ ಹಾಗೇ ಮಾತಾಡತೊಡಗಿದೆವು. ಭೈರಪ್ಪನವರ ಗೃಹಭಂಗವನ್ನು ಗಿರೀಶ್ ಕಾಸರವಳ್ಳಿ ಅವರು ಮಾಡಿದರು, ಅದರಲ್ಲಿ ಅತ್ತೆ ಸೊಸೆಗೆ ಕೊಡುವ ಕಾಟ ಈಗಿನ ಯಾವ ಧಾರಾವಾಹಿಗಿಂತ ಕಡಿಮೆ? "ಆಗ ಅತ್ತೆಯರು ಒಳ್ಳೆಯವರಿದ್ದರು" ಅನ್ನುವವರು ಅದನ್ನು ನೋಡಿಲ್ಲ. ಆ ಸೊಸೆ ನಂಜಮ್ಮನನ್ನು ನೋಡಿ ಅಜ್ಜಿ ಕಣ್ಣು ಒರೆಸಿಕೊಂಡದ್ದು ನನಗೆ ಗೊತ್ತು. ಕಾಟ ತೋರಿಸುವುದು ತಪ್ಪಲ್ಲ. ಕಾಟ ಯಾಕೆ ಹುಟ್ಟಿತು ಅಂತ ತೋರಿಸುತ್ತಿದ್ದರು, ಬಡತನ ತೋರಿಸುತ್ತಿದ್ದರು, ಮನುಷ್ಯರನ್ನು ತೋರಿಸುತ್ತಿದ್ದರು. ಈಗ ಎಷ್ಟೋ ಕಡೆ ಕೆಟ್ಟವಳು ಹುಬ್ಬು ಏರಿಸುತ್ತಾಳೆ, ಅಷ್ಟೇ.

ವಿನಯ: ಸುಮಕ್ಕ ಹೇಳಿದ್ದಕ್ಕೆ ಮೂಲ ಕೇಳಲ್ಲ. ಸರಿ ಇದೆ.

ದೊಡ್ಡಪ್ಪ: ಅವಳು ಹೇಳಿದರೆ ಸರಿ, ನಾನು ಹೇಳಿದರೆ ಮೂಲ ಬೇಕು.

ವಿನಯ: ನೀವು ಹೇಳಿದ್ದಕ್ಕಲ್ಲ ದೊಡ್ಡಪ್ಪ, ಫಾರ್ವರ್ಡಿಗೆ ಕೇಳಿದ್ದು!

ವಸಂತತ್ತೆ: ಆಯ್ತು ಮಾರಾಯರೇ, ನಾನು ಅಳಿಸುತ್ತೇನೆ. ಹೇಗೆ ಅಳಿಸುವುದು ನಿಧಿ?

ನಿಧಿ: ಸಂದೇಶವನ್ನು ಒತ್ತಿ ಹಿಡಿ ಅಮ್ಮ, ಎಲ್ಲರಿಗೂ ಅಳಿಸುವ ಆಯ್ಕೆ ಬರುತ್ತದೆ, ಅದನ್ನೇ ಒತ್ತು.

ಅಮ್ಮ (ಶಾರದಾ): ಸುಮಾ, ಮಾಯಾಮೃಗ ಯೂಟ್ಯೂಬಲ್ಲಿ ಇದೆ ಅಂದಿದ್ದೆಯಲ್ಲ. ಮುಂದಿನ ವಾರ ಬಂದಾಗ ಟಿವಿಗೆ ಹಾಕಿಕೊಡು. ಮೊದಲನೇ ಕಂತಿನಿಂದ. ಅಡುಗೆ ಬೆಳಿಗ್ಗೆಯೇ ಮುಗಿಸಿಡುತ್ತೇನೆ.

ಸುಮಾ: ಅಡುಗೆ ನಾನು ಮಾಡುತ್ತೇನೆ. ಕವಿ ಎಚ್ಚೆಸ್ವಿ (ಎಚ್.ಎಸ್. ವೆಂಕಟೇಶಮೂರ್ತಿ) ಅವರ ಆ ಶೀರ್ಷಿಕೆ ಗೀತೆಯಿಂದಲೇ ಕೂತ್ಕೋ.

ವಸಂತತ್ತೆ: ನಾನೂ ಬರುತ್ತೇನೆ ಅತ್ತಿಗೆ. ಆ ಉಪ್ಪಿಟ್ಟಿನ ದಿನದ ಕಂತು ಹುಡುಕಬೇಕು.

ದೊಡ್ಡಪ್ಪ: ನನ್ನನ್ನೂ ಕರೆಯಿರಿ. ಆದರೆ ಒಂದು ಮಾತು ಸ್ಪಷ್ಟ ಇರಲಿ, ಟಿವಿಗೆ ಬೀಗ ಹಾಕಿದ್ದು ಒಂದೇ ವರ್ಷ.

ಗಿರಿ: ಒಂದೇ ವರ್ಷ ಅಲ್ಲ ಅಪ್ಪ. ನನ್ನ ಎಸ್ಸೆಸ್ಸೆಲ್ಸಿ ವರ್ಷವೂ ಹಾಕಿದ್ದಿರಿ, ಸುಮಾಳ ಎಸ್ಸೆಸ್ಸೆಲ್ಸಿ ವರ್ಷವೂ ಹಾಕಿದ್ದಿರಿ.

ದೊಡ್ಡಪ್ಪ: ಸುಮಾಳ ವರ್ಷ ಹಾಕಿದ್ದು ನಿನ್ನ ಚಿಕ್ಕಪ್ಪ.

ಚಿಕ್ಕಪ್ಪ: ನಾನಾ??