ಅಪ್‌ಡೇಟ್: ಸಮೋಸಾ ಆಗುತ್ತಿದ್ದ ನನ್ನ ಕ್ರೋಶಾ ಚೌಕ

ಹೋದ ತಿಂಗಳು ಕೇಳಿದ್ದೆನಲ್ಲ, ಸಿಂಗಲ್ ಕ್ರೋಶೆ (ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಕ್ರೋಶಾದ ಒಂದು ಸರಳ ಹೊಲಿಗೆ) ಹಾಕುತ್ತಾ ಹೋದರೆ ಚೌಕ ಆಗಬೇಕಾದ್ದು ಸಮೋಸಾ ಆಗುತ್ತಿದೆ, ಯಾಕೆ ಅಂತ. ತಪ್ಪು ದಾರದ್ದಲ್ಲ, ನನ್ನದೇ.

ನೀವು ಹೇಳಿದ ಹಾಗೆ ಪ್ರತಿ ಸಾಲೂ ಎಣಿಸಿದೆ. 20 ಇರಬೇಕಾದ ಕಡೆ 19, ಮುಂದಿನ ಸಾಲಿಗೆ 18! ಸಾಲಿನ ಕೊನೆಯ ಹೊಲಿಗೆ ಅಂಚಿನಲ್ಲಿ ಮುದುಡಿಕೊಂಡು ಕೂತಿರುತ್ತದೆ, ಅದನ್ನು ಬರೀ ಗಂಟು ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಈಗ ಸಾಲಿನ ಮೊದಲ ಹೊಲಿಗೆ ಹಾಕಿದ ಕೂಡಲೇ ಅದರ ತಲೆಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸುತ್ತೇನೆ, ವಾಪಸ್ ಬರುವಾಗ ಆ ಪಿನ್ ಇದ್ದಲ್ಲೇ ಕೊನೆಯದು ಹಾಕಬೇಕು, ಅಷ್ಟೇ.

ಇನ್ನೊಂದು ಎಡವಟ್ಟೂ ಆಗಿತ್ತು. ಇಲ್ಲಿ ಪುಣೆಯ ಕೋಥ್ರೂಡಿನಲ್ಲಿ ಪಕ್ಕದ ಮನೆ ಕಾಕೂ ಹತ್ತಿರ ಹಳೇ ಬ್ರಿಟಿಷ್ ಪುಸ್ತಕ ಇದೆ. ಅದರಲ್ಲಿ ಡಬಲ್ ಕ್ರೋಶೆ ಅಂದರೆ ಅಮೆರಿಕದವರ ಸಿಂಗಲ್ಲೇ ಅಂತೆ! ಗೊತ್ತಿಲ್ಲದೆ, ಅಮೆರಿಕದವರ ಡಬಲ್ ಅಂದುಕೊಂಡು ಎರಡು ದಿನ ಕಡ್ಡಿಗೆ ದಾರ ಸುಮ್ನೆ ಒಂದು ಸುತ್ತು ಜಾಸ್ತಿ ಹಾಕಿದೆ. ಕಾಕೂ ನಕ್ಕು, ಮರಾಠಿಯಲ್ಲೇ ಗದರಿ, ನಿಧಾನವಾಗಿ ತೋರಿಸಿದರು: ಕಡ್ಡಿ ತೂರಿಸು, ದಾರ ಹಿಡಿದು ಎಳೆ, ಈಗ ಕಡ್ಡಿ ಮೇಲೆ ಎರಡು ಕುಣಿಕೆ, ಮತ್ತೆ ದಾರ ಹಿಡಿದು ಎರಡರಿಂದಲೂ ಒಟ್ಟಿಗೆ ಎಳೆದುಬಿಡು.

ಇವತ್ತಿಗೆ 22 ಸಾಲು. ಅಂಚು ನೆಟ್ಟಗಿದೆ, ಒಂದು ಮೂಲೆ ಮಾತ್ರ ಸ್ವಲ್ಪ ಸೊಟ್ಟ. ಅಕ್ರಿಲಿಕ್ ದಾರ, ಬಿಸಿ ತಾಗಿದರೆ ಕರಗುತ್ತದೆ ಅನ್ನುವಷ್ಟರಲ್ಲಿ ಅತ್ತೆ ಅದರ ಮೇಲೆ ಸಾರಿನ ಪಾತ್ರೆ ಇಟ್ಟಾಗಿತ್ತು.